ಮಹಾಮಾರಿ ಬಂದಾಗ ಯಾವ ಕಾಡು ತುಂಬಿತು, ಯಾವ ಕಾಡು ಖಾಲಿಯಾಯಿತು?

ಅಮೆರಿಕದ ಎರಡು ಲೆಕ್ಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಅಲ್ಲಿನ ರಾಷ್ಟ್ರೀಯ ಉದ್ಯಾನಗಳಿಗೆ 2019ರಲ್ಲಿ ಸುಮಾರು 32.7 ಕೋಟಿ ಭೇಟಿಗಳಾಗಿದ್ದವು. ಕೋವಿಡ್ ಬಂದ 2020ರಲ್ಲಿ ಅದು 23.7 ಕೋಟಿಗೆ ಇಳಿಯಿತು. ಕಾಲು ಭಾಗಕ್ಕಿಂತ ಜಾಸ್ತಿಯೇ ಕಡಿಮೆಯಾಯಿತು. ಅದೇ ವರ್ಷ, ಅದೇ ದೇಶದ ರಾಷ್ಟ್ರೀಯ ಅರಣ್ಯಗಳಲ್ಲಿ ಭೇಟಿಗಳು 15 ಕೋಟಿಯಿಂದ 16.8 ಕೋಟಿಗೆ ಏರಿದವು. ದೇಶ ಒಂದೇ, ರೋಗ ಒಂದೇ. ಒಂದು ಕಡೆ ಬಿಕೋ ಅನ್ನುತ್ತಿತ್ತು, ಇನ್ನೊಂದು ಕಡೆ ಕಾರು ನಿಲ್ಲಿಸಲೂ ಜಾಗ ಇರಲಿಲ್ಲ.

'ಕೋವಿಡ್ ಕಾಲದಲ್ಲಿ ಜನ ಪ್ರಕೃತಿಯ ಕಡೆ ತಿರುಗಿದರು' ಎಂಬ ಮಾತನ್ನು ಆಗ ಬಹಳ ಕೇಳಿದ್ದೇವೆ. ಸುಳ್ಳೇನಲ್ಲ. ಆದರೆ ಆ ಮಾತಿನಿಂದ ಈ ಎರಡು ಲೆಕ್ಕಗಳು ಅರ್ಥವಾಗುವುದಿಲ್ಲ. ಪ್ರಕೃತಿಯ ಮೇಲಿನ ಪ್ರೀತಿಯೇ ಕಾರಣವಾಗಿದ್ದರೆ ಎರಡೂ ಕಡೆ ಜನ ಹೆಚ್ಚಬೇಕಿತ್ತು, ಅಲ್ವಾ?

ವ್ಯತ್ಯಾಸ ಇರುವುದು ಆ ಎರಡು ಜಾಗಗಳ ಸ್ವಭಾವದಲ್ಲಿ. ದೊಡ್ಡ ರಾಷ್ಟ್ರೀಯ ಉದ್ಯಾನ ಅಂದರೆ ಸಾಮಾನ್ಯವಾಗಿ ದೂರದ ಪ್ರಯಾಣ. ವಿಮಾನ, ಹೋಟೆಲು, ಟೂರ್ ಬಸ್ಸು, ವಿದೇಶಿ ಪ್ರವಾಸಿಗರು. ಒಳಗೆ ಹೋಗಲು ಕೆಲವೇ ಗೇಟುಗಳು. ಗೇಟು ಮುಚ್ಚಿದರೆ ಮುಗಿಯಿತು. ಯೆಲ್ಲೋಸ್ಟೋನ್ 2020ರ ಮಾರ್ಚ್ 24ರಂದು ಹಾಗೆಯೇ ಮುಚ್ಚಿತು, ಮತ್ತೆ ತೆರೆಯಲು ಶುರುವಾಗಿದ್ದು ಮೇ ತಿಂಗಳಲ್ಲಿ. ರಾಷ್ಟ್ರೀಯ ಅರಣ್ಯಗಳ ಕಥೆ ಬೇರೆ. ಅವು ಹರಡಿಕೊಂಡಿವೆ. ಬಹಳಷ್ಟು ಕಡೆ ಗೇಟೇ ಇಲ್ಲ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಒಳಗೆ ನಡೆದರೆ ಆಯಿತು. ಪಕ್ಕದ ಊರಿನವರು ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು.

ಹಾಗಂತ 'ಉದ್ಯಾನ' ಎಂಬ ಹೆಸರಿನಲ್ಲೇ ಏನೋ ಇದೆ ಎಂದುಕೊಳ್ಳಬೇಡಿ. ಫಿನ್ಲೆಂಡ್‌ನ ರಾಷ್ಟ್ರೀಯ ಉದ್ಯಾನಗಳಲ್ಲಿ 2020ರಲ್ಲಿ ಭೇಟಿಗಳು ಶೇಕಡಾ 23ರಷ್ಟು ಹೆಚ್ಚಿ ಸುಮಾರು 40 ಲಕ್ಷ ಮುಟ್ಟಿದವು. ಅಲ್ಲಿ ರಾಜಧಾನಿ ಹೆಲ್ಸಿಂಕಿಯ ಮಗ್ಗುಲಲ್ಲೇ ನುಕ್ಸಿಯೊ ಎಂಬ ರಾಷ್ಟ್ರೀಯ ಉದ್ಯಾನವಿದೆ. ಹೊರದೇಶಕ್ಕೆ ಹೋಗಲಾಗದ ಜನ ತಮ್ಮ ದೇಶದ ಕಾಡಿಗೇ ಹೋದರು. ಅಂದರೆ ಮಹಾಮಾರಿ ಕಾಡಿನ ಭೇಟಿಯನ್ನು ಸುಮ್ನೆ ಹೆಚ್ಚಿಸಲೂ ಇಲ್ಲ, ತಗ್ಗಿಸಲೂ ಇಲ್ಲ. ಮನೆಗೆ ಹತ್ತಿರದ ಕಾಡಿನ ಕಡೆ ಅದನ್ನು ಸರಿಸಿತು. ಉಳಿದ ಬಹುತೇಕ ಬದಲಾವಣೆಗಳು ಇದರಿಂದಲೇ ಹುಟ್ಟಿದವು ಎನ್ನುವುದು ನನ್ನ ಅಭಿಪ್ರಾಯ.

ಜನ ಯಾಕೆ ಸರಿದರು? ಒಂದು ಕಾರಣ ಎಲ್ಲರಿಗೂ ಗೊತ್ತಿರುವುದೇ. ಜಿಮ್, ಸಿನಿಮಾ, ಮಾಲ್, ಈಜುಕೊಳ, ಹೋಟೆಲು ಎಲ್ಲ ಬಂದ್. ಬಿಡುವಿನ ಹೊತ್ತು ಕಳೆಯಲು ಇದ್ದ ದಾರಿಗಳಲ್ಲಿ ಹೆಚ್ಚಿನವು ಒಂದೇ ವಾರದಲ್ಲಿ ಮುಚ್ಚಿದವು. ಉಳಿದದ್ದು ಕಾಡು, ಬಯಲು, ನದಿ ದಂಡೆ. ಇನ್ನೊಂದು ಕಾರಣ ಸಮಯ. ಆಫೀಸಿಗೆ ಓಡಾಡುವ ಹೊತ್ತು ಉಳಿಯಿತು. ಶಾಲೆ ಇಲ್ಲದ ಮಕ್ಕಳು ಮನೆಯಲ್ಲಿ ಕೂತು ಗೋಡೆ ಕೆರೆಯತೊಡಗಿದರು. ಹೇಗಾದರೂ ಮಾಡಿ ಅವರನ್ನು ಹೊರಗೆ ಕರೆದುಕೊಂಡು ಹೋಗಬೇಕಿತ್ತು. ಇದರ ಜೊತೆಗೆ ಭಯ. ಮುಚ್ಚಿದ ಕೋಣೆಗಿಂತ ಬಯಲೇ ವಾಸಿ ಎಂಬ ಲೆಕ್ಕಾಚಾರ. ಪ್ರೀತಿಯೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಬೇರೆ ಬಾಗಿಲುಗಳೆಲ್ಲ ಮುಚ್ಚಿದ್ದವು ಎಂಬುದನ್ನು ಮರೆತು ಪ್ರೀತಿಯ ಲೆಕ್ಕ ಹಾಕಬಾರದು.

ಇದನ್ನು ಹತ್ತಿರದಿಂದ ನೋಡಲು ಸಿಕ್ಕ ಒಳ್ಳೆಯ ಜಾಗ ಜರ್ಮನಿಯ ಬಾನ್ ನಗರದ ಬಳಿಯ ಕೊಟೆನ್‌ಫೋರ್ಸ್ಟ್ ಕಾಡು. ಅಲ್ಲಿ ಸಂಶೋಧಕರು ಕೋವಿಡ್‌ಗೆ ಮೊದಲೇ, ಬೇರೆ ಉದ್ದೇಶಕ್ಕೆ, ಬಂದುಹೋಗುವವರನ್ನು ಎಣಿಸುತ್ತಿದ್ದರು. ಲಾಕ್‌ಡೌನ್ ಬಂದಾಗ ಎಣಿಕೆ ನಡೆದೇ ಇತ್ತು. ಹೀಗಾಗಿ ಮೊದಲು ಮತ್ತು ನಂತರದ ಹೋಲಿಕೆ ಸಿಕ್ಕಿತು. ಭೇಟಿಗಳು ಎರಡು ಪಟ್ಟಿಗೂ ಹೆಚ್ಚಾಗಿದ್ದವು. ಸಂಖ್ಯೆಗಿಂತ ಕುತೂಹಲದ ಸಂಗತಿ ಬಂದವರ ಚಹರೆಯದು. ಯುವಕರು ಹೆಚ್ಚಿದ್ದರು. ಮಕ್ಕಳನ್ನು ಕರೆದುಕೊಂಡು ಬಂದ ಕುಟುಂಬಗಳು ಹೆಚ್ಚಿದ್ದವು. ಆ ಕಾಡಿನ ಪರಿಚಯವಿಲ್ಲದ ಪಟ್ಟಣದವರು ಬಂದಿದ್ದರು. ಭೇಟಿಯ ದಿನ ಮತ್ತು ಹೊತ್ತೂ ಬದಲಾಗಿದ್ದವು. ಈ ಅಧ್ಯಯನ ಮಾಡಿದವರು ಕೊನೆಗೆ ಕೊಟ್ಟ ತೀರ್ಮಾನ ಗಟ್ಟಿಯಾದದ್ದು: ಊರ ಹತ್ತಿರದ ಕಾಡನ್ನು ರಸ್ತೆ, ಆಸ್ಪತ್ರೆಯ ಹಾಗೆ ಅತ್ಯಗತ್ಯ ಮೂಲಸೌಕರ್ಯ ಎಂದು ನೋಡಬೇಕು.

ನಾರ್ವೆಯ ಓಸ್ಲೋದಲ್ಲಿ ಇನ್ನೊಂದು ದಾರಿ ಹಿಡಿದರು. ಓಡುವವರು, ಸೈಕಲ್ ತುಳಿಯುವವರು ಬಳಸುವ ಸ್ಟ್ರಾವಾ ಎಂಬ ಆ್ಯಪ್ ಇದೆಯಲ್ಲ, ಅದರ ದತ್ತಾಂಶ ತೆಗೆದುಕೊಂಡರು. 2020ರ ಮಾರ್ಚ್ 12ಕ್ಕೆ ಅಲ್ಲಿ ನಿರ್ಬಂಧ ಶುರುವಾಯಿತು. ಆಮೇಲಿನ ದಿನಗಳನ್ನು ಹಿಂದಿನ ಮೂರು ವರ್ಷಗಳ ಅದೇ ದಿನಗಳ ಸರಾಸರಿಗೆ ಹೋಲಿಸಿದಾಗ ಹೊರಾಂಗಣ ಚಟುವಟಿಕೆ ಶೇಕಡಾ 291ರಷ್ಟು ಹೆಚ್ಚಾಗಿತ್ತು. ಇಂಥ ಅಂಕಿ ಓದುವಾಗ ಸ್ವಲ್ಪ ಜೋಪಾನ. ಶೇಕಡಾ 291ರಷ್ಟು ಹೆಚ್ಚಳ ಅಂದರೆ ಮೂರು ಪಟ್ಟಲ್ಲ, ಹೆಚ್ಚುಕಡಿಮೆ ನಾಲ್ಕು ಪಟ್ಟು. ನಡೆಯುವವರು ಹೆಚ್ಚು ಹಸಿರಿರುವ, ಜನಸಂಚಾರದಿಂದ ದೂರವಿರುವ ಹಾದಿಗಳನ್ನು ಆರಿಸಿಕೊಂಡಿದ್ದರು ಎಂದೂ ಅದೇ ಅಧ್ಯಯನ ಹೇಳಿತು.

ಇಲ್ಲಿ ಒಂದು ಮಾತು. ಭೇಟಿಗಳ ಸಂಖ್ಯೆ ಬೇರೆ, ಭೇಟಿ ಕೊಟ್ಟ ಜನರ ಸಂಖ್ಯೆ ಬೇರೆ. ಒಬ್ಬನೇ ದಿನಾ ಹೋದರೆ ತಿಂಗಳಿಗೆ ಮೂವತ್ತು ಭೇಟಿ. ಎಣಿಸುವ ಯಂತ್ರಕ್ಕೆ ಅವನು ಮೂವತ್ತು ಜನರಾಗಿ ಕಾಣುತ್ತಾನೆ. ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ಸುತ್ತಲಿನ ಕಾಡುಗಳಿಗೆ ಬಂದ 400 ಜನರನ್ನು 2020ರಲ್ಲಿ ಕೇಳಿದಾಗ ಈ ಎರಡೂ ಬಗೆ ಕಂಡವು. ಹತ್ತರಲ್ಲಿ ಸುಮಾರು ಏಳು ಮಂದಿ ಮೊದಲಿಗಿಂತ ಜಾಸ್ತಿ ಬರುತ್ತಿದ್ದೇವೆ ಎಂದರು. ನಾಲ್ಕರಲ್ಲಿ ಒಬ್ಬರು ಹಿಂದಿನ ವರ್ಷ ಅಲ್ಲಿಗೆ ಬಂದೇ ಇರಲಿಲ್ಲ, ಅಥವಾ ತೀರಾ ಅಪರೂಪಕ್ಕೆ ಬಂದಿದ್ದರು. ಈ ಹೊಸಬರು ಮುಖ್ಯ. ಯಾಕೆ ಎಂಬುದು ಮುಂದೆ ಬರುತ್ತದೆ. ಬಂದವರನ್ನೇ ಕೇಳುವ ಸಮೀಕ್ಷೆಗೆ ಒಂದು ಕುರುಡು ಜಾಗವೂ ಇದೆ. ಹೆದರಿ ಮನೆಯಲ್ಲೇ ಉಳಿದವರು ಅದರಲ್ಲಿ ಸಿಗುವುದೇ ಇಲ್ಲ.

ಅಳತೆಯ ತೊಡಕುಗಳು ಇನ್ನೂ ಇವೆ. ಆ ದಿನಗಳಲ್ಲಿ ಎಲ್ಲರೂ ಹಂಚಿಕೊಳ್ಳುತ್ತಿದ್ದ ಗೂಗಲ್‌ನ ಓಡಾಟದ ವರದಿಗಳನ್ನು ತೆಗೆದುಕೊಳ್ಳಿ. 'ಪಾರ್ಕುಗಳು' ಎಂಬ ಗೆರೆ ಕೆಲವು ದೇಶಗಳಲ್ಲಿ ಆಕಾಶಕ್ಕೆ ಏರಿತ್ತು. ಆದರೆ ಅದು ಹೋಲಿಸುತ್ತಿದ್ದದ್ದು 2020ರ ಜನವರಿ 3ರಿಂದ ಫೆಬ್ರವರಿ 6ರವರೆಗಿನ ಐದು ವಾರಗಳಿಗೆ. ಉತ್ತರದ ತಣ್ಣನೆಯ ದೇಶಗಳಲ್ಲಿ ಅದು ಗಟ್ಟಿ ಚಳಿಗಾಲ. ಅಲ್ಲಿ ಜನವರಿಗಿಂತ ಜೂನ್‌ನಲ್ಲಿ ಪಾರ್ಕಿಗೆ ಜನ ಹೆಚ್ಚು ಹೋಗಲು ಮಹಾಮಾರಿಯೇ ಬೇಕಿಲ್ಲ. ಸಾಲದ್ದಕ್ಕೆ ಆ 'ಪಾರ್ಕು'ಗಳಲ್ಲಿ ಸಮುದ್ರ ತೀರ, ದೋಣಿ ನಿಲ್ದಾಣ, ನಗರದ ಚೌಕಗಳೂ ಸೇರಿದ್ದವು. ಹವಾಮಾನದ ಪಾಲನ್ನೂ ಬಿಡಬಾರದು. ಬ್ರಿಟನ್‌ನಲ್ಲಿ 2020ರ ವಸಂತ, ಅಲ್ಲಿಯವರೆಗಿನ ದಾಖಲೆಗಳಲ್ಲೇ ಅತಿ ಹೆಚ್ಚು ಬಿಸಿಲಿದ್ದ ವಸಂತವಾಗಿತ್ತು. ಜನ ಹೊರಗೆ ಬಂದದ್ದರಲ್ಲಿ ಆ ಬಿಸಿಲಿನ ಪಾಲೆಷ್ಟು, ಲಾಕ್‌ಡೌನ್‌ನ ಪಾಲೆಷ್ಟು ಎಂದು ಬಿಡಿಸುವುದು ಸುಲಭವಲ್ಲ. ಮೊದಲು ಹೇಳಿದ ಅಮೆರಿಕದ ರಾಷ್ಟ್ರೀಯ ಅರಣ್ಯಗಳ ಲೆಕ್ಕವೂ ಅಂದಾಜೇ. ಅಲ್ಲಿ ಪ್ರತಿ ಅರಣ್ಯದ ಸಮೀಕ್ಷೆ ನಡೆಯುವುದು ಐದು ವರ್ಷಕ್ಕೊಮ್ಮೆ ಮಾತ್ರ. ಹಾಗಾಗಿ ಒಂದೊಂದು ದೇಶದ ಒಂದೊಂದು ಅಂಕಿಗೆ ಜೋತುಬೀಳುವ ಬದಲು, ಬೇರೆ ಬೇರೆ ರೀತಿಯ ಅಳತೆಗಳು ಒಂದೇ ದಿಕ್ಕು ತೋರಿಸುತ್ತವೆಯೇ ಎಂದು ನೋಡುವುದು ಒಳ್ಳೆಯದು.

ಕಾಡಿಗೆ ಹೋಗಲು ಸರ್ಕಾರಗಳು ಎಲ್ಲ ಕಡೆ ಬಿಟ್ಟವೇ? ಇಲ್ಲ. ಪೋಲೆಂಡ್ 2020ರ ಏಪ್ರಿಲ್ 3ರಂದು ಸರ್ಕಾರಿ ಕಾಡುಗಳಿಗೆ ಹೋಗುವುದನ್ನೇ ನಿಷೇಧಿಸಿತು. ಜನ ತುಂಬಾ ಸಿಟ್ಟಾದರು. ಏಪ್ರಿಲ್ 20ಕ್ಕೆ ಮತ್ತೆ ತೆರೆಯಿತು. ಫ್ರಾನ್ಸ್‌ನಲ್ಲಿ ಮೊದಲ ಲಾಕ್‌ಡೌನ್ ಇದ್ದಾಗ ವ್ಯಾಯಾಮಕ್ಕೆ ದಿನಕ್ಕೆ ಒಂದು ಗಂಟೆ, ಮನೆಯಿಂದ ಒಂದು ಕಿಲೋಮೀಟರ್ ಒಳಗೆ ಎಂಬ ನಿಯಮ. ಕಾಡು ಆ ವೃತ್ತದೊಳಗೆ ಇದ್ದರೂ ಅನೇಕ ಕಡೆ ಸ್ಥಳೀಯ ಆಡಳಿತ ಅದನ್ನು ಮುಚ್ಚಿತ್ತು. ಇದಕ್ಕೆ ಪೂರ್ತಿ ಉಲ್ಟಾ ಐಸ್‌ಲ್ಯಾಂಡ್. ಅಲ್ಲಿನ ಅರಣ್ಯ ಇಲಾಖೆ, ಮನುಷ್ಯರನ್ನು ತಬ್ಬಿಕೊಳ್ಳಲು ಆಗದಿದ್ದರೆ ಬನ್ನಿ, ಮರಗಳನ್ನಾದರೂ ತಬ್ಬಿಕೊಳ್ಳಿ ಎಂದು ಕರೆಯಿತು. ಹಿಮ ಸರಿಸಿ ದಾರಿಯನ್ನೂ ಮಾಡಿಕೊಟ್ಟಿತು. ತಮಾಷೆ ಅನ್ನಿಸಬಹುದು. ಆದರೆ ಆ ಎರಡು ನೀತಿಗಳಲ್ಲಿ ಜನರ ಬಗ್ಗೆ ಇಲಾಖೆಗಳಿಗೆ ಇದ್ದ ನಂಬಿಕೆ ಎಷ್ಟೆಂದು ಕಾಣುತ್ತದೆ.

ಈಗ ತಿರುಗಿ ನೋಡಿದರೆ ಕಾಡು ಮುಚ್ಚಿದ್ದಕ್ಕೆ ರೋಗದ ಕಡೆಯಿಂದ ದೊಡ್ಡ ಸಮರ್ಥನೆ ಸಿಗುವುದಿಲ್ಲ. ಚೀನಾದಲ್ಲಿ ಮೊದಲ ತಿಂಗಳುಗಳ 7,324 ಪ್ರಕರಣಗಳನ್ನು ಜಾಲಾಡಿದ ಅಧ್ಯಯನವೊಂದರಲ್ಲಿ, ಮೂರು ಅಥವಾ ಹೆಚ್ಚು ಜನರಿಗೆ ಒಟ್ಟಿಗೆ ಹರಡಿದ 318 ಘಟನೆಗಳು ಸಿಕ್ಕವು. ಅಷ್ಟೂ ಒಳಾಂಗಣದಲ್ಲೇ ಆದಂಥವು. ಬಯಲಿನಲ್ಲಿ ಹರಡಿದ್ದು ಅಂತ ಸಿಕ್ಕಿದ್ದು ಒಂದೇ ಘಟನೆ, ಅದರಲ್ಲಿ ಇಬ್ಬರು. ಹರಿದಾಡುವ ಗಾಳಿಯಲ್ಲಿ ವೈರಾಣು ತೆಳುವಾಗಿಬಿಡುತ್ತದೆ. ಆದರೆ 2020ರ ಏಪ್ರಿಲ್‌ನಲ್ಲಿ ನಿರ್ಧಾರ ತೆಗೆದುಕೊಳ್ಳಬೇಕಿದ್ದವರ ಕೈಯಲ್ಲಿ ಇಷ್ಟೆಲ್ಲ ಇರಲಿಲ್ಲ, ಅದನ್ನೂ ಹೇಳಬೇಕು. ಅವರ ಚಿಂತೆ ಕಾಡಿನ ಒಳಗಿನದಕ್ಕಿಂತ ಕಾಡಿನ ಬಾಗಿಲಿನದು. ಪಾರ್ಕಿಂಗ್ ಜಾಗದಲ್ಲಿ ಗುಂಪು, ಶೌಚಾಲಯದ ಮುಂದೆ ಸಾಲು, ಊರಿಂದ ಊರಿಗೆ ಪ್ರಯಾಣ.

ಪ್ರಾಣಿಗಳ ರೋಗ ಬಂದಾಗ ಲೆಕ್ಕ ತಲೆಕೆಳಗಾಗುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಬೆಲ್ಜಿಯಂನ ಕಾಡುಹಂದಿಗಳಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿತು. ಅದು ಮನುಷ್ಯರಿಗೆ ತಗಲುವುದೇ ಇಲ್ಲ. ಆದರೂ ಅಲ್ಲಿ ಕಾಡಿಗೆ ಕಾಲಿಡುವಂತಿಲ್ಲ ಎಂದು ಆದೇಶವಾಯಿತು. ಯಾಕೆಂದರೆ ವೈರಾಣು ಬೂಟಿನ ಮಣ್ಣಿಗೆ ಅಂಟಿಕೊಂಡು ಹಂದಿ ಸಾಕುವ ಕೊಟ್ಟಿಗೆಗೆ ಹೋಗಬಹುದು. ಜನರ ಓಡಾಟಕ್ಕೆ ಹಂದಿಗಳು ಬೆದರಿ ಬೇರೆ ಕಡೆ ಚದುರಲೂಬಹುದು.

ಮತ್ತೆ ಕೋವಿಡ್‌ಗೆ ಬರೋಣ. ಕಾಡು ಹತ್ತಿರವಿದ್ದವರಿಗೆ ಅನುಕೂಲವಾಯಿತು ಎಂದರೆ, ಹತ್ತಿರ ಇಲ್ಲದವರ ಗತಿ? ಬ್ರಿಟನ್‌ನ ಅಂಕಿಅಂಶ ಇಲಾಖೆ 2020ರ ಮೇ ತಿಂಗಳಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಎಂಟು ಮನೆಗಳಲ್ಲಿ ಒಂದಕ್ಕೆ ಸ್ವಂತದ್ದಾಗಲಿ ಹಂಚಿಕೊಂಡದ್ದಾಗಲಿ ತೋಟ ಇರಲಿಲ್ಲ. ಲಂಡನ್‌ನಲ್ಲಿ ಐದರಲ್ಲಿ ಒಂದು ಮನೆಗೆ. ಇಂಗ್ಲೆಂಡಿನಲ್ಲಿ ಬಿಳಿಯರಿಗೆ ಹೋಲಿಸಿದರೆ ಕಪ್ಪು ಜನರಿಗೆ ಮನೆಯಲ್ಲಿ ಹೊರಾಂಗಣ ಇಲ್ಲದಿರುವ ಸಾಧ್ಯತೆ ಸುಮಾರು ನಾಲ್ಕು ಪಟ್ಟು. ಕಾಡು ಯಾರಿಗೆ ಹೆಚ್ಚು ಬೇಕಿತ್ತೋ ಅವರಿಗೇ ಅದು ದೂರವಿತ್ತು. ಬಸ್ಸಿನಲ್ಲಿ ಹೋಗುತ್ತಿದ್ದವರಿಗೆ ಬಸ್ಸೂ ಕಡಿಮೆಯಾಯಿತು. ಕಾರಿದ್ದವರು ಹೋದರು. 'ಎಲ್ಲರೂ ಕಾಡಿಗೆ ಹೋದರು' ಎನ್ನುವಾಗ ಆ 'ಎಲ್ಲರು' ಯಾರು ಅಂತ ಕೇಳಲೇಬೇಕು.

ಹೋದವರಿಂದ ಕಾಡಿಗೆ ಏನಾಯಿತು? ಕಸ ಎಲ್ಲರ ಕಣ್ಣಿಗೂ ಬಿತ್ತು. ಅದನ್ನು ಹೆಕ್ಕಬಹುದು. ಕಣ್ಣಿಗೆ ಬೀಳದ್ದು ಕಾಲ್ದಾರಿಯ ಪಾಡು. ನೆಲದ ಮೇಲೆ ತುಳಿತದ ಪರಿಣಾಮವನ್ನು ಹಲವು ದಶಕಗಳಿಂದ ಅಧ್ಯಯನ ಮಾಡಿದವರು ಒಂದು ವಿಚಿತ್ರ ನಿಯಮ ಕಂಡಿದ್ದಾರೆ. ಹಾನಿ ಜನರ ಸಂಖ್ಯೆಗೆ ತಕ್ಕ ಹಾಗೆ ಸಮನಾಗಿ ಏರುವುದಿಲ್ಲ. ಯಾರೂ ತುಳಿಯದ ಜಾಗದಲ್ಲಿ ಮೊದಲು ಬೀಳುವ ಹೆಜ್ಜೆಗಳೇ ಅತಿ ಹೆಚ್ಚು ಕೆಡಿಸುತ್ತವೆ. ಎಳೆ ಗಿಡ ಮುರಿಯುತ್ತದೆ, ಎಲೆಯ ಹಾಸು ಪುಡಿಯಾಗುತ್ತದೆ, ಮಣ್ಣು ಗಟ್ಟಿಯಾಗಿ ನೀರು ಇಂಗುವುದು ಕಡಿಮೆಯಾಗುತ್ತದೆ. ಆಗಲೇ ಸವೆದು ಗಟ್ಟಿಯಾದ ದಾರಿಯಲ್ಲಿ ಇನ್ನೂ ಸಾವಿರ ಜನ ನಡೆದರೂ ಹೊಸದಾಗಿ ಕೆಡುವುದು ಸ್ವಲ್ಪವೇ.

ಈಗ ಇದರ ಮೇಲೆ ದೈಹಿಕ ಅಂತರದ ನಿಯಮವನ್ನು ಇಟ್ಟು ನೋಡಿ. ಎದುರಿಗೆ ಯಾರಾದರೂ ಬಂದರೆ ಎರಡು ಮೀಟರ್ ದೂರ ಸರಿಯಬೇಕು. ಕಾಡಿನ ಕಾಲ್ದಾರಿ ಎಷ್ಟು ಅಗಲ ಇರುತ್ತದೆ? ಇಬ್ಬರು ಪಕ್ಕಪಕ್ಕ ನಡೆದರೆ ಹೆಚ್ಚು. ಹಾಗಾಗಿ ಒಬ್ಬರು ದಾರಿ ಬಿಟ್ಟು ಗಿಡಗಳ ಮೇಲೆ ಕಾಲಿಡಲೇಬೇಕು. ಒಬ್ಬರಲ್ಲ, ದಿನವಿಡೀ ಎಲ್ಲರೂ. ದಾರಿ ಎರಡೂ ಕಡೆ ಅಗಲವಾಗುತ್ತ ಹೋಗುತ್ತದೆ. ಕೆಸರು ಇದ್ದಲ್ಲಿ ಪಕ್ಕದಲ್ಲೇ ಹೊಸ ದಾರಿ ಹುಟ್ಟುತ್ತದೆ. ಒಬ್ಬರಿಗೊಬ್ಬರು ತೋರಿಸಿದ ಕಾಳಜಿಯೇ ನೆಲಕ್ಕೆ ಪೆಟ್ಟು ಕೊಟ್ಟಿತು. 'ಜನ ಕಡಿಮೆ ಇರುವ ಕಾಡಿಗೆ ಹೋಗಿ' ಎಂದು ಇಲಾಖೆಗಳು ಕೊಟ್ಟ ಸಲಹೆಯಲ್ಲೂ ಇದೇ ತೊಡಕು. ಜನರ ಆರೋಗ್ಯದ ದೃಷ್ಟಿಯಿಂದ ಅದು ಸರಿಯಾದ ಮಾತು. ನೆಲದ ದೃಷ್ಟಿಯಿಂದ, ಅತಿ ಹೆಚ್ಚು ಕೆಡಿಸುವ ಆ ಮೊದಲ ಹೆಜ್ಜೆಗಳನ್ನು ಇನ್ನೂ ತುಳಿಯದ ಜಾಗಗಳಿಗೆ ಕಳಿಸಿದ ಹಾಗೆ. ಇದಕ್ಕೆ ಸುಲಭ ಉತ್ತರ ಆಗಲೂ ಇರಲಿಲ್ಲ, ಈಗಲೂ ಇಲ್ಲ. ನನಗೆ ಕೇಳಿದರೆ, ದಾರಿಯನ್ನೇ ಅಗಲ ಮಾಡಿ, ಏಕಮುಖ ಸುತ್ತುದಾರಿ ಮಾಡಿ, ಜನರನ್ನು ಗಟ್ಟಿ ನೆಲದಲ್ಲೇ ಉಳಿಸಿಕೊಳ್ಳುವುದು ವಾಸಿ.

ಹೊಸಬರು ಮುಖ್ಯ ಎಂದೆನಲ್ಲ, ಇಲ್ಲಿಯೇ. ಕಾಡಿಗೆ ಹೋಗುವುದಕ್ಕೆ ಒಂದಿಷ್ಟು ರೂಢಿಗಳಿವೆ. ಬೆಂಕಿ ಎಲ್ಲಿ ಹಾಕಬಾರದು, ನಾಯಿಯನ್ನು ಯಾವಾಗ ಕಟ್ಟಬೇಕು, ಕತ್ತಲಾಗುವ ಮುಂಚೆ ಎಷ್ಟು ಹೊತ್ತಿಗೆ ವಾಪಸ್ ತಿರುಗಬೇಕು. ಇವನ್ನು ಜನ ಕಲಿಯುವುದು ತಿಳಿದವರ ಜೊತೆ ಹೋಗಿ. 2020ರಲ್ಲಿ ಒಮ್ಮೆಲೇ ಬಂದವರಿಗೆ ಕಲಿಸುವವರು ಜೊತೆಗಿರಲಿಲ್ಲ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ನಿರ್ಬಂಧ ಸಡಿಲವಾದ ಕೆಲವೇ ದಿನಗಳಲ್ಲಿ, 2020ರ ಮೇ ತಿಂಗಳಲ್ಲಿ, ವೇರ್‌ಹ್ಯಾಮ್ ಕಾಡಿಗೆ ಬೆಂಕಿ ಬಿತ್ತು. ಸುಮಾರು 200 ಹೆಕ್ಟೇರ್ ಸುಟ್ಟುಹೋಯಿತು. ಬೆಂಕಿ ಬಿದ್ದ ಕಡೆ ಅಗ್ನಿಶಾಮಕ ದಳಕ್ಕೆ ಕೆಂಡದ ಮೇಲೆ ಮಾಂಸ ಸುಡಲು ಬಳಸಿ ಬಿಸಾಡುವ ಬಾರ್ಬೆಕ್ಯೂ ತಟ್ಟೆಗಳು ಸಿಕ್ಕವು. ಹೊಸಬರನ್ನು ಬೈದು ಪ್ರಯೋಜನವಿಲ್ಲ. ಅವರನ್ನು ಎದುರುಗೊಳ್ಳಲು ಬೇಕಾದ ಸಿಬ್ಬಂದಿಯೇ ಆಗ ಮನೆಯಲ್ಲಿದ್ದರು.

ಪ್ರಾಣಿಗಳ ಬಗ್ಗೆ ಎರಡು ಮಾತು ಹೇಳಲೇಬೇಕು. ಲಾಕ್‌ಡೌನ್‌ನಲ್ಲಿ ಪ್ರಾಣಿಗಳು ನಿರಾಳವಾದವು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಓಡಾಟ ನಿಜಕ್ಕೂ ನಿಂತ ಕಡೆ ಅದು ನಿಜವೂ ಹೌದು. 43 ಜಾತಿಯ ಸುಮಾರು 2,300 ಸಸ್ತನಿಗಳಿಗೆ ಕಟ್ಟಿದ್ದ ಜಿಪಿಎಸ್ ಪಟ್ಟಿಗಳ ದತ್ತಾಂಶ 2023ರಲ್ಲಿ ಪ್ರಕಟವಾಯಿತು. ಕಟ್ಟುನಿಟ್ಟಿನ ಲಾಕ್‌ಡೌನ್ ಇದ್ದ ಕಡೆ ಹತ್ತು ದಿನಗಳ ಅವಧಿಯಲ್ಲಿ ಪ್ರಾಣಿಗಳ ದೂರದ ಓಡಾಟ ಶೇಕಡಾ 73ರಷ್ಟು ಹೆಚ್ಚಿತ್ತು. ಜನವಸತಿ ದಟ್ಟವಾಗಿರುವ ಕಡೆ ಪ್ರಾಣಿಗಳು ರಸ್ತೆಗಳಿಗೆ ಸರಾಸರಿ ಶೇಕಡಾ 36ರಷ್ಟು ಹತ್ತಿರ ಬಂದಿದ್ದವು. ಆದರೆ ಊರ ಬಳಿಯ ಕಾಡಿನಲ್ಲಿ ಜನ ಕಡಿಮೆಯಾಗಿರಲಿಲ್ಲವಲ್ಲ, ಹೆಚ್ಚಾಗಿದ್ದರು. 163 ಜಾತಿಗಳನ್ನು ತಾವಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್‌ಗಳಲ್ಲಿ ಗಮನಿಸಿ 2024ರಲ್ಲಿ ಬಂದ ಇನ್ನೊಂದು ಅಧ್ಯಯನ ಈ ಎರಡೂ ಮುಖಗಳನ್ನು ತೋರಿಸಿತು. ಜನ ಹೆಚ್ಚಾದಾಗ ನಗರಗಳ ಹತ್ತಿರದ ಪ್ರಾಣಿಗಳು ಓಡಿಹೋಗದೆ ತಮ್ಮ ಓಡಾಟವನ್ನು ರಾತ್ರಿಗೆ ಹಾಕಿಕೊಂಡವು. ಜನವಸತಿಯಿಂದ ದೂರದ ಕಾಡುಗಳ ಪ್ರಾಣಿಗಳು, ಅದರಲ್ಲೂ ದೊಡ್ಡ ಮಾಂಸಾಹಾರಿಗಳು, ಓಡಾಟವನ್ನೇ ತಗ್ಗಿಸಿದವು. ಜನರನ್ನು ಕಂಡು ರೂಢಿ ಇಲ್ಲದ ಪ್ರಾಣಿಗಳಿಗೆ ಹೊಸ ಜನರ ಬಿಸಿ ಹೆಚ್ಚು ತಟ್ಟುತ್ತದೆ.

ದೂರದ ಕಾಡುಗಳಿಗೆ ಬಂದ ಕಷ್ಟ ಬೇರೆ ಥರದ್ದು. ಮಧ್ಯ ಆಫ್ರಿಕಾದಲ್ಲಿ ಬೆಟ್ಟದ ಗೊರಿಲ್ಲಾಗಳನ್ನು ನೋಡಲು ವಿದೇಶಿಯರು ದೊಡ್ಡ ಮೊತ್ತ ಕೊಟ್ಟು ಹೋಗುತ್ತಿದ್ದರು. ಕಾವಲುಗಾರರ ಸಂಬಳ, ಸುತ್ತಲಿನ ಹಳ್ಳಿಗಳ ಆದಾಯ ಅದರ ಮೇಲೇ ನಿಂತಿತ್ತು. 2020ರ ಮಾರ್ಚ್‌ನಲ್ಲಿ ರುವಾಂಡಾ, ಕಾಂಗೊ ಮತ್ತು ಉಗಾಂಡಾಗಳಲ್ಲಿ ಅದು ನಿಂತಿತು. ಮನುಷ್ಯರ ಉಸಿರಾಟದ ಕಾಯಿಲೆಗಳು ಗೊರಿಲ್ಲಾಗಳಿಗೆ ತಗಲುತ್ತವೆ ಎಂಬುದು ಮೊದಲೇ ಗೊತ್ತಿತ್ತು. ಆ ಭಯ ಸುಳ್ಳಲ್ಲ ಎಂದು 2021ರ ಜನವರಿಯಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಪ್ರಾಣಿ ಸಂಗ್ರಹಾಲಯವೊಂದರ ಗೊರಿಲ್ಲಾಗಳಿಗೆ ಕೋವಿಡ್ ಬಂದಾಗ ಸಾಬೀತಾಯಿತು. ಆದರೆ ಪ್ರವಾಸಿಗರ ಜೊತೆ ಹಣವೂ ಹೋಯಿತು. ಉಗಾಂಡಾದ ಬ್ವಿಂಡಿ ಕಾಡಿನಲ್ಲಿ ರಫಿಕಿ ಎಂಬ ಹೆಸರಾಂತ ಗೊರಿಲ್ಲಾ 2020ರ ಜೂನ್‌ನಲ್ಲಿ ಬೇಟೆಗಾರರ ಈಟಿಗೆ ಬಲಿಯಾಯಿತು. ಸಣ್ಣ ಪ್ರಾಣಿಗಳ ಬೇಟೆಗೆ ಹೋಗಿದ್ದೆವು, ಅದು ಮೈಮೇಲೆ ಬಂತು ಎಂದು ಸಿಕ್ಕಿಬಿದ್ದವನು ಹೇಳಿದ. 11 ವರ್ಷ ಸಜೆಯಾಯಿತು. ಊರ ಹತ್ತಿರದ ಕಾಡಿಗೆ ಜನ ಹೆಚ್ಚಾದದ್ದು ತೊಂದರೆಯಾದರೆ, ಇಂಥ ಕಾಡುಗಳಿಗೆ ಜನ ಬಾರದ್ದೇ ತೊಂದರೆ.

ಮಹಾಮಾರಿ ಇಳಿದ ಮೇಲೆ ಏನಾಯಿತು? ಅಮೆರಿಕದ ರಾಷ್ಟ್ರೀಯ ಅರಣ್ಯಗಳ ಭೇಟಿ 2021ರಲ್ಲಿ 15.6 ಕೋಟಿಗೆ ಇಳಿಯಿತು. ಹಳೆಯ ಮಟ್ಟಕ್ಕಿಂತ ಸ್ವಲ್ಪ ಮೇಲೆ, 2020ಕ್ಕಿಂತ ಕೆಳಗೆ. ಉದ್ಯಾನಗಳದ್ದು ಅದೇ ವರ್ಷ 29.7 ಕೋಟಿಗೆ ಏರಿತು, 2024ರಲ್ಲಿ 33.1 ಕೋಟಿ ದಾಟಿ ದಾಖಲೆಯಾಯಿತು. ವಿಮಾನ ಹಾರತೊಡಗಿದ ಮೇಲೆ ಜನ ಮತ್ತೆ ದೂರ ಹೊರಟರು. ಯೆಲ್ಲೋಸ್ಟೋನ್‌ನಲ್ಲಿ 2021ರ ಜುಲೈ ಒಂದೇ ತಿಂಗಳಲ್ಲಿ, ಅದರ ಇತಿಹಾಸದಲ್ಲೇ ಮೊದಲ ಬಾರಿಗೆ, ಭೇಟಿಗಳು ಹತ್ತು ಲಕ್ಷ ಮೀರಿದವು. ಕೊಲೊರಾಡೊದ ರಾಕಿ ಮೌಂಟನ್ ಉದ್ಯಾನದಲ್ಲಿ 2020ರ ಬೇಸಿಗೆಗೆ, ಜನ ಒತ್ತೊತ್ತಾಗಿ ಸೇರದಿರಲಿ ಎಂದು, ಮೊದಲೇ ಹೊತ್ತು ಕಾದಿರಿಸಿ ಬರುವ ಪದ್ಧತಿ ತಂದಿದ್ದರು. 2022ರಲ್ಲಿ ಯೂಟಾದ ಆರ್ಚಸ್ ಉದ್ಯಾನವೂ ಅಂಥದ್ದೇ ಪದ್ಧತಿ ಶುರುಮಾಡಿತು. ಆಗ ಕಾರಣ ರೋಗವಲ್ಲ, ಟ್ರಾಫಿಕ್ ಜಾಮ್.

ಊರ ಹತ್ತಿರದ ಕಾಡುಗಳಲ್ಲಿ ಎಷ್ಟು ಜನ ಉಳಿದುಕೊಂಡರು ಎಂಬುದು ಆಯಾ ಊರಿನ ಕೆಲಸದ ರೀತಿಗೆ ಬಿಟ್ಟದ್ದು. ಮನೆಯಿಂದಲೇ ಕೆಲಸ ಮುಂದುವರಿದವರಿಗೆ ವಾರದ ನಡುವೆ ಒಂದು ಸುತ್ತು ಹೋಗಿಬರಲು ಈಗಲೂ ಬಿಡುವು ಸಿಗುತ್ತದೆ. ಆಫೀಸಿಗೆ ಮರಳಿದವರಿಗೆ ಮತ್ತೆ ಭಾನುವಾರವೇ ಗತಿ. ಇದನ್ನು ಅಂಕಿಯಲ್ಲಿ ಹೇಳಬೇಕೆಂದರೆ 2020ಕ್ಕೆ ಮೊದಲಿನ ಎಣಿಕೆ ಬೇಕು. ಕೊಟೆನ್‌ಫೋರ್ಸ್ಟ್‌ನಲ್ಲಿ ಅದು ಅದೃಷ್ಟಕ್ಕೆ ಇತ್ತು. ಬಹಳಷ್ಟು ಕಾಡುಗಳ ಬಾಗಿಲಲ್ಲಿ ಯಾರೂ ಎಣಿಸುತ್ತಿರಲಿಲ್ಲ. ಎಣಿಸುವ ಒಂದು ಸಣ್ಣ ಇನ್ಫ್ರಾರೆಡ್ ಯಂತ್ರವನ್ನು ದಾರಿ ಬದಿಯ ಕಂಬಕ್ಕೆ ಕಟ್ಟಿದರೆ ಸಾಕು, ಬ್ಯಾಟರಿಯ ಮೇಲೆ ತಿಂಗಳುಗಟ್ಟಲೆ ನಡೆಯುತ್ತದೆ. ಅದನ್ನು ಕಟ್ಟಬೇಕಾದದ್ದು ಜನ ಸೇರುವ ಮೊದಲೇ.